ಕಾರ್ಡು ಪುಕ್ಕಟೆ, ಹೆಸರು ಮಾತ್ರ ಒಂದೇ ಕಡೆ

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಉಡುಪಿ ಕಡೆಯವರ ಒಂದು ಹೋಟೆಲಿದೆ. ಭಾನುವಾರ ಬೆಳಿಗ್ಗೆ ನಾವು ಅಲ್ಲಿಗೆ ಹೋಗುವುದು ಇಡ್ಲಿ ತಿನ್ನುವುದಕ್ಕಿಂತ ಹೆಚ್ಚಾಗಿ ಕನ್ನಡ ಕೇಳುವುದಕ್ಕೆ. ಸಪ್ಲೈ ಮಾಡುವ ಹುಡುಗರಲ್ಲಿ ನಾಲ್ಕೈದು ಜನ ಕುಂದಾಪುರ, ಬೈಂದೂರು ಕಡೆಯವರು. ಅವರಲ್ಲೊಬ್ಬ ಹೋದ ತಿಂಗಳು ಕಾಫಿ ಲೋಟ ಇಡುತ್ತಾ ಮೆಲ್ಲಗೆ ಕೇಳಿದ, “ಸಾರ್, ಇಲ್ಲ್ ವೋಟರ್ ಕಾರ್ಡ್ ಮಾಡ್ಸೂಕೆ ಎಷ್ಟ್ ದುಡ್ಡ್ ಕೊಡ್ಕ್?”

“ಒಂದು ಪೈಸೆಯೂ ಬೇಡಪ್ಪ, ಪುಕ್ಕಟೆ” ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ರೂಮಿನ ಹತ್ತಿರ ಯಾರೋ ಐನೂರು ರೂಪಾಯಿ ಕೇಳಿದ್ದರಂತೆ. ರೂಮಿನ ಓನರ್ ಲೋಕಲ್ ಗುರುತು ಏನಾದರೂ ತಾ ಎಂದಿದ್ದಾರೆ, ಅದಕ್ಕೆ ಈ ಕಾರ್ಡಿನ ಯೋಚನೆ. ಊರಿನಲ್ಲಿ ಒಂದು ಕಾರ್ಡು ಆಗಲೇ ಇದೆಯಲ್ಲ ಎಂದು ಕೇಳಿದೆ. “ಹೌದ್ ಸಾರ್. ಅದ್ ಅಲ್ಲೇ ಇರ್ಲಿ, ಇಲ್ಲೊಂದ್ ಇರ್ಲಿ” ಅಂದ.

ಅದು ಆಗುವುದಿಲ್ಲ ಎಂದು ಹೇಳಬೇಕಾದವನು ಕಾಫಿ ಕುಡಿಯುತ್ತಾ ಸುಮ್ಮನೆ ಕೂತೆ. ಯಾಕೆಂದರೆ ಹುಡುಗ ಕೇಳಿದ ಪ್ರಶ್ನೆಗೆ ನಾನೇ ಒಂಬತ್ತು ವರ್ಷ ಸರಿಯಾದ ಉತ್ತರ ಕೊಟ್ಟುಕೊಂಡಿರಲಿಲ್ಲ. ಈ ಸಲದ ಅಂಕಣ ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ.

ನಮ್ಮದು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ. ಬ್ಯಾಂಕಿನ ಕೆಲಸ. 2009ರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾದಾಗ ಎರಡು ವರ್ಷ ಇದ್ದು ಬರೋಣ ಅಂದುಕೊಂಡು ಹೊರಟವರು. ಎಂ.ವಿ.ಪಿ. ಕಾಲೊನಿಯಲ್ಲಿ ಮನೆ ಸಿಕ್ಕಿತು. ಗ್ಯಾಸ್ ಕನೆಕ್ಷನ್ ಬಂತು, ಮಗಳು ಸ್ಕೂಲಿಗೆ ಸೇರಿದಳು, ನಮ್ಮಾಕೆ ಗೋಂಗೂರ ಪಚ್ಚಡಿ ಮಾಡುವುದು ಕಲಿತಳು. ವರ್ಗಾವಣೆಯ ನೌಕರಿಯಲ್ಲಿ ಇರುವವರಿಗೆಲ್ಲ ಇದು ಗೊತ್ತು. ನಾವು ಮಾತ್ರ ತಾತ್ಕಾಲಿಕ, ಮನೆಯೊಳಗಿನ ಸಾಮಾನೆಲ್ಲ ಕಾಯಂ. ಹೀಗೆ ಎಲ್ಲವೂ ಒಂದೊಂದಾಗಿ ಆಂಧ್ರಕ್ಕೆ ಬಂದವು, ಬಾರದೆ ಉಳಿದದ್ದು ಒಂದೇ, ನಮ್ಮ ವೋಟು. ಅದು ಊರಿನಲ್ಲೇ ಇರಲಿ, ಊರಿಗೂ ನಮಗೂ ಅಷ್ಟಾದರೂ ಲಿಖಿತ ಸಂಬಂಧ ಇರಲಿ ಎನ್ನುವುದು ನನ್ನ ವಾದ.

2014ರ ಲೋಕಸಭಾ ಚುನಾವಣೆಗೆ ಕರ್ನಾಟಕದಲ್ಲಿ ಮತದಾನ ಏಪ್ರಿಲ್ 17ಕ್ಕೆ. ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರಿ, ಅಲ್ಲಿಂದ ಅರಸೀಕೆರೆಗೆ ಬಂದು, ನಾನೂ ನಮ್ಮಾಕೆಯೂ ಜಂಬದಿಂದಲೇ ಮತಗಟ್ಟೆಗೆ ಹೋದೆವು. ಅಮ್ಮನ ಹೆಸರಿತ್ತು. ನಮ್ಮಿಬ್ಬರ ಹೆಸರಿರಲಿಲ್ಲ. ತೆಗೆದುಹಾಕಿದವರ ಪಟ್ಟಿಯಲ್ಲಿ ಹುಡುಕಿದರೆ ಅಲ್ಲಿ ಸಿಕ್ಕವು, ಕಾರಣ ಸ್ಥಳಾಂತರ. ಕೈಯಲ್ಲಿ ಕಾರ್ಡು ಹಿಡಿದು “ಇದೇನ್ರೀ ಇದು” ಎಂದು ಕೂಗಾಡುವುದಕ್ಕೆ ಬಾಯಿ ತೆಗೆದಿದ್ದೆ. ಅಲ್ಲಿದ್ದ ಪರಿಚಯದ ಮೇಷ್ಟ್ರು ನಿಧಾನವಾಗಿ ಹೇಳಿದರು, “ಮನೆ ಮನೆಗೆ ಬಂದಾಗ ವಿಚಾರಿಸಿದೆವು. ನಿಮ್ಮ ತಾಯಿಯವರೇ ಹೇಳಿದ್ರು.” ಮನೆಗೆ ಬಂದು ಕೇಳಿದರೆ ಅಮ್ಮನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. “ನನ್ನ ಮಗ ವೈಜಾಗಲ್ಲಿ ಬ್ಯಾಂಕಲ್ಲಿದಾನೆ, ಐದು ವರ್ಷ ಆಯ್ತು, ಸಂಸಾರ ಎಲ್ಲ ಅಲ್ಲೇ ಅಂತ ಹೇಳಿದೆ. ಸುಳ್ಳು ಹೇಳಬೇಕಾಗಿತ್ತಾ?” ಅಂದರು. ನಾಲ್ಕು ಜನರ ಮುಂದೆ ಮಗನ ನೌಕರಿಯ ವಿಷಯ ಹೇಳುವ ಅವಕಾಶ ಅವರು ಬಿಟ್ಟದ್ದು ನಾನು ಕಾಣೆ.

ವಾಪಸು ಬಂದ ಮೇಲೆ ಮೇ 7ಕ್ಕೆ ವಿಶಾಖಪಟ್ಟಣದಲ್ಲಿ ಮತದಾನ. ನಮ್ಮ ಬೀದಿಯವರೆಲ್ಲ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದರು. ನಾವು ಬಾಲ್ಕನಿಯಲ್ಲಿ ನಿಂತು ನೋಡಿದೆವು. ಎರಡು ಊರಿನವನು ಅಂದುಕೊಂಡಿದ್ದವನು ಆ ವರ್ಷ ಎಲ್ಲಿಯೂ ಲೆಕ್ಕಕ್ಕೆ ಸಿಗಲಿಲ್ಲ.

ಆಗಲೂ ನನಗೆ ಅದು ಅಷ್ಟು ತಟ್ಟಲಿಲ್ಲ. ತಟ್ಟಿದ್ದು ಅಕ್ಟೋಬರ್‌ನಲ್ಲಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರವಾಗಿ ವಿಶಾಖಪಟ್ಟಣಕ್ಕೇ ಅಪ್ಪಳಿಸಿತಲ್ಲ, ಆಮೇಲೆ ಕರೆಂಟಿಲ್ಲ, ನೀರಿಲ್ಲ, ಹಾಲಿಗೆ ಮೈಲುದ್ದ ಸಾಲು. ನೀರಿನ ಟ್ಯಾಂಕರ್ ಬೇಕೆಂದು ನಮ್ಮ ಬೀದಿಯವರು ಒಂದು ಅರ್ಜಿ ಬರೆದರು. ಪ್ರತಿ ಮನೆಯ ಯಜಮಾನನ ಹೆಸರು, ಮನೆ ನಂಬರು, ಅದರ ಪಕ್ಕ ವೋಟರ್ ಕಾರ್ಡಿನ ನಂಬರು, ಸಹಿ. ನನ್ನ ಸಾಲಿನಲ್ಲಿ ಒಂದು ಮನೆ ಖಾಲಿ ಬಿಟ್ಟು ಸಹಿ ಹಾಕಿದೆ. ಟ್ಯಾಂಕರ್ ಬಂತು, ನಮಗೂ ಎರಡು ಬಿಂದಿಗೆ ಸಿಕ್ಕಿತು, ಯಾರೂ ಏನೂ ಅನ್ನಲಿಲ್ಲ. ಆದರೂ ಬಿಂದಿಗೆ ಹೊತ್ತು ಮಹಡಿ ಹತ್ತುವಾಗ ಅನ್ನಿಸಿತು, ಈ ನೀರು ತರಿಸಿದವರು ಇವರು, ನಾನು ಕುಡಿಯುವವನು ಮಾತ್ರ.

ಹಾಗೆಂದು ಮರುದಿನವೇ ಓಡಿದೆನೇ? ಇಲ್ಲ. ಇನ್ನೇನು ವರ್ಗವಾಗುತ್ತದೆ ಎಂದು ನಾಲ್ಕು ವರ್ಷ ತಳ್ಳಿ, 2018ರಲ್ಲಿ ಅರ್ಜಿ ಹಾಕಿದೆ.

ಅದರ ಕಥೆ ಹೇಳುವ ಮೊದಲು ಕಾರ್ಡಿನ ಹಿಂದಿನ ಕಥೆ ಒಂದಿಷ್ಟು. ಫೋಟೊ ಇರುವ ಮತದಾರರ ಗುರುತಿನ ಚೀಟಿ ಬಂದದ್ದು 1993ರಲ್ಲಿ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ಒಬ್ಬರ ವೋಟನ್ನು ಇನ್ನೊಬ್ಬರು ಹಾಕುವುದನ್ನು ತಡೆಯಬೇಕೆನ್ನುವುದು ಉದ್ದೇಶ. ಆಗಿನ್ನೂ ಆಧಾರ್ ಇರಲಿಲ್ಲ, ಅದು ಶುರುವಾದದ್ದು 2010ರಲ್ಲಿ. ಹಾಗಾಗಿ ಪಾಸ್‌ಪೋರ್ಟು, ಲೈಸೆನ್ಸು ಇಲ್ಲದ ಕೋಟ್ಯಂತರ ಜನರಿಗೆ ಸರ್ಕಾರ ಕೊಟ್ಟ ಮೊದಲ ಫೋಟೊ ಗುರುತು ಈ ಕಾರ್ಡೇ ಆಯಿತು. ಸಿಮ್ಮಿಗೆ, ಬ್ಯಾಂಕ್ ಖಾತೆಗೆ, ಬಾಡಿಗೆ ಮನೆಗೆ ಎಲ್ಲಕ್ಕೂ ಅದೇ. ನಮ್ಮ ಹೋಟೆಲ್ ಹುಡುಗನಂತೆ ಇವತ್ತಿಗೂ ಬಹಳ ಜನ ಕಾರ್ಡು ಕೇಳುವುದು ವಿಳಾಸಕ್ಕಾಗಿ, ಮತಕ್ಕಾಗಿ ಅಲ್ಲ.

ಆದರೆ ನಿಜವಾದ ಬೆಲೆ ಇರುವುದು ಕಾರ್ಡಿಗಲ್ಲ, ಪಟ್ಟಿಯಲ್ಲಿರುವ ಹೆಸರಿಗೆ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಹೀಗೆ ಆಯೋಗ ಒಪ್ಪುವ ಇನ್ನೊಂದು ದಾಖಲೆ ತೋರಿಸಿ ಮತ ಹಾಕಬಹುದು. ಕಾರ್ಡಿದ್ದು ಹೆಸರಿಲ್ಲದಿದ್ದರೆ 2014ರಲ್ಲಿ ನನಗಾದದ್ದೇ ಗತಿ. ಈ ಹೆಸರಿನ ಪ್ರಶ್ನೆ ಗಣರಾಜ್ಯದಷ್ಟೇ ಹಳೆಯದು. 1951–52ರ ಮೊದಲ ಮಹಾಚುನಾವಣೆಯಲ್ಲಿ ಎಷ್ಟೋ ಹೆಂಗಸರು ಪರಗಂಡಸರ ಮುಂದೆ ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸಲಾಗದು ಎಂದು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಮಹಿಳೆಯರ ಹೆಸರು ಬಿಟ್ಟುಹೋಯಿತು. ಮುಂದಿನ ಚುನಾವಣೆಗಳಲ್ಲಿ ಅವರು ಹೆಸರು ಹೇಳಲು ಕಲಿತರು. ನಮ್ಮಂಥ ಊರು ಬಿಟ್ಟವರು ಕಲಿಯಬೇಕಾಗಿರುವುದು ಊರಿನ ಹೆಸರು ಹೇಳುವುದನ್ನು.

ಕಾನೂನು ಕೇಳುವುದು ಅದನ್ನೇ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 19ನೇ ಕಲಮಿನ ಪ್ರಕಾರ ಹದಿನೆಂಟು ತುಂಬಿದವನು ಯಾವ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿದ್ದಾನೋ ಅಲ್ಲಿ ಮತದಾರ. ಎಲ್ಲಿ ಹುಟ್ಟಿದ, ಯಾವ ಭಾಷೆ ಆಡುತ್ತಾನೆ, ತೋಟ ಎಲ್ಲಿದೆ ಎನ್ನುವುದು ಅಲ್ಲಿ ಬರುವುದೇ ಇಲ್ಲ. 17 ಮತ್ತು 18ನೇ ಕಲಮುಗಳ ಪ್ರಕಾರ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ಬೇರೆಲ್ಲೂ ಹೆಸರಿಲ್ಲ ಎಂದು ಅರ್ಜಿಯಲ್ಲಿ ಸುಳ್ಳು ಬರೆದರೆ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ.

ನಮಗೆ ಬಹಳ ಉಪಯೋಗದ್ದು 20ನೇ ಕಲಮು. ಅದರಲ್ಲಿ ಎರಡು ಮಾತಿದೆ. ಒಂದು, ಊರಿನಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿ ವಾಸವಾಗಿದ್ದೀರಿ ಎಂದಾಗುವುದಿಲ್ಲ. ಇನ್ನೊಂದು, ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ಅಲ್ಲಿನ ವಾಸ ತಪ್ಪಿಹೋಗುವುದೂ ಇಲ್ಲ. ಮೊದಲನೆಯದು ನನ್ನಂಥವನಿಗೆ, ಎರಡನೆಯದು ಹೋಟೆಲ್ ಹುಡುಗನಂಥವನಿಗೆ. ಯಾರು ಯಾವುದಕ್ಕೆ ಸೇರುತ್ತೀರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು.

ಈಗ 2018ರ ಅರ್ಜಿಗೆ ಬರುತ್ತೇನೆ. ಊರಿನಲ್ಲಿ ಹೆಸರು ಆಗಲೇ ಹೋಗಿದ್ದರಿಂದ ಹೊಸದಾಗಿ ಸೇರುವವರ ಫಾರಂ 6 ತುಂಬಿದೆವು. ಹದಿನೈದು ದಿನ ಬಿಟ್ಟು ಬಿ.ಎಲ್.ಓ., ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬಂದರು. ವಯಸ್ಸಾದ ಹೆಣ್ಣುಮಗಳು, ಕೈಯಲ್ಲಿ ದಪ್ಪ ರಿಜಿಸ್ಟರು. ನಮ್ಮಾಕೆ ಮಜ್ಜಿಗೆ ಕೊಟ್ಟಳು. ಕುಡಿದು ಕೇಳಿದ ಮೊದಲ ಪ್ರಶ್ನೆ, “ಮೀ ಇಂಟಿ ಪೇರು ಏಮಿಟಂಡಿ?”

ಆಂಧ್ರದಲ್ಲಿರುವವರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಪ್ರತಿಯೊಬ್ಬರಿಗೂ ಮನೆತನದ ಹೆಸರು ಉಂಟು, ಅದು ಹೆಸರಿನ ಮುಂದೆ ಬರಬೇಕು. ನಮಗೆ ಇರುವುದು ಊರಿನದೊಂದು, ಅಪ್ಪನದೊಂದು ಇನಿಶಿಯಲ್ಲು. “ಎಚ್ ಅಂದರೆ ಏನು?” ಎಂದು ಕೇಳಿದರು. ಹಾರನಹಳ್ಳಿ, ಅದು ನಮ್ಮ ಊರು, ಮನೆತನದ ಹೆಸರಲ್ಲ ಎಂದು ನನಗೆ ತಿಳಿದಷ್ಟು ತೆಲುಗಿನಲ್ಲಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ನಗುತ್ತಾ, ಹಾರನಹಳ್ಳಿಯನ್ನೇ ಇಂಟಿ ಪೇರು ಮಾಡಿ ಬರೆದುಕೊಂಡು ಹೋದರು. ಪಟ್ಟಿ ಬಂದಾಗ ನೋಡಿದರೆ ತೆಲುಗಿನಲ್ಲಿ ‘ಹರನಹಲ್ಲಿ’ ಎಂದಾಗಿದೆ. ತಮಾಷೆ ಏನೆಂದರೆ ಕನ್ನಡದ ಳಕಾರ ತೆಲುಗಿನಲ್ಲೂ ಇದೆ, ಬರೆಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಹೆಸರು ಕನ್ನಡದಿಂದ ತೆಲುಗಿಗೆ ನೇರವಾಗಿ ಬರಲಿಲ್ಲ, ಇಂಗ್ಲಿಷಿನ ಮೂಲಕ ಸುತ್ತಿಕೊಂಡು ಬಂತು. ದಾರಿಯಲ್ಲಿ ಹಳ್ಳಿ ಹಲ್ಲಿಯಾಯಿತು. ನಮ್ಮಾಕೆಗೆ ನಗು ತಡೆಯಲಾಗಲಿಲ್ಲ. ಫಾರಂ 8 ಹಾಕಿ ತಿದ್ದಿಸಿದೆವು. ಹೊರನಾಡಿನಲ್ಲಿ ಹೆಸರು ಸೇರಿಸುವವರು ಇಂಗ್ಲಿಷ್ ಅಕ್ಷರ ತುಂಬಿ ಸುಮ್ಮನಾಗಬೇಡಿ. ಪಕ್ಕದಲ್ಲೇ ಸ್ಥಳೀಯ ಭಾಷೆಯ ಅಕ್ಷರ ತಾನಾಗಿ ಮೂಡುತ್ತದೆ, ಅದನ್ನೂ ಓದಿ ಸರಿಮಾಡಿ. ತೆಲುಗು ನಮಗೆ ಓದಲು ಕಷ್ಟವೇನಲ್ಲ.

ಕಾರ್ಡು ಅಂಚೆಯಲ್ಲಿ ಮನೆ ಬಾಗಿಲಿಗೆ ಬಂತು. ಖರ್ಚಾದದ್ದು ಎರಡು ಲೋಟ ಮಜ್ಜಿಗೆ. 2019ರ ಏಪ್ರಿಲ್ 11ರಂದು ವಿಶಾಖಪಟ್ಟಣದಲ್ಲಿ ಮೊದಲ ಸಲ ಮತ ಹಾಕಿದೆವು. 2022ರಲ್ಲಿ ವಿಜಯವಾಡಕ್ಕೆ ವರ್ಗವಾಗಿ ಪಟಮಟದಲ್ಲಿ ಮನೆ ಮಾಡಿದಾಗ ಈ ಸಲ ತಡಮಾಡಲಿಲ್ಲ. ಗ್ಯಾಸು ಬಂದ ತಿಂಗಳಲ್ಲೇ ವೋಟೂ ಬಂತು.

ಈಗ ಮಾಡಿಸುವವರಿಗೆ ಕ್ರಮ ಹೀಗಿದೆ. ಆಯೋಗದ ‘ವೋಟರ್ಸ್’ ಜಾಲತಾಣದಲ್ಲೋ ಆ್ಯಪಿನಲ್ಲೋ ಮೊಬೈಲ್ ನಂಬರಿನಿಂದ ಒಳಗೆ ಹೋಗಬೇಕು. ಎಲ್ಲಿಯೂ ಹೆಸರಿಲ್ಲದವರು ಫಾರಂ 6. ಒಂದು ಕಡೆ ಹೆಸರಿದ್ದು ಮನೆ ಬದಲಾಯಿಸಿದವರು, ಅದು ಅದೇ ಊರಿನೊಳಗಾಗಲಿ, ಹಾಸನದಿಂದ ವಿಜಯವಾಡಕ್ಕಾಗಲಿ, ಫಾರಂ 8. ತಿದ್ದುಪಡಿಗೂ, ಕಳೆದ ಕಾರ್ಡಿನ ಬದಲಿಗೂ ಅದೇ ಫಾರಂ. 2022ರ ಆಗಸ್ಟ್‌ನಿಂದ ಈ ಏರ್ಪಾಡು. ಅದಕ್ಕೂ ಮೊದಲು ಕ್ಷೇತ್ರ ಬದಲಾದರೆ ಮತ್ತೆ ಫಾರಂ 6 ತುಂಬಬೇಕಿತ್ತು, ಹಳೆಯ ಕಡೆ ಹೆಸರು ಉಳಿದುಬಿಡುತ್ತಿದ್ದದ್ದು ಬಹುಪಾಲು ಈ ಗೊಂದಲದಿಂದ. ಈಗ ಫಾರಂ 8 ಒಪ್ಪಿಗೆಯಾದರೆ ಹಳೆಯ ಕಡೆ ಹೆಸರು ತೆಗೆಯುವುದು ಅವರ ಕೆಲಸ, ಆದರೂ ಒಂದೆರಡು ತಿಂಗಳು ಬಿಟ್ಟು ಊರಿನ ಪಟ್ಟಿಯಲ್ಲಿ ಹುಡುಕಿ ನೋಡಿಕೊಳ್ಳುವುದು ಒಳ್ಳೆಯದು.

ವಿಳಾಸಕ್ಕೆ ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್, ನೀರು–ವಿದ್ಯುತ್–ಗ್ಯಾಸ್ ಬಿಲ್ಲು, ನೋಂದಾಯಿತ ಬಾಡಿಗೆ ಕರಾರು ಇವುಗಳಲ್ಲಿ ಒಂದು ಸಾಕು. ನನ್ನ ಹತ್ತಿರ ಯಾವ ಕಾಗದವೂ ಇಲ್ಲ ಎಂದು ಕೈಬಿಡಬೇಕಾಗಿಲ್ಲ. ಮನೆಯೇ ಇಲ್ಲದವರಿಗೂ ಆಯೋಗದಲ್ಲಿ ದಾರಿ ಇದೆ. ಅವರು ಬರೆದುಕೊಟ್ಟ ಜಾಗಕ್ಕೆ ಬಿ.ಎಲ್.ಓ. ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ, ಹೋಗಿ ನೋಡಬೇಕು. ಅಲ್ಲೇ ಮಲಗುತ್ತಾರೆ ಎಂದು ಖಾತ್ರಿಯಾದರೆ ಬೇರೆ ದಾಖಲೆ ಬೇಡ. ಫ್ಲೈಓವರಿನ ಕೆಳಗೆ ಮಲಗುವವನಿಗೂ ಇರುವ ಹಕ್ಕನ್ನು ಮೂರು ಬೆಡ್‌ರೂಮಿನ ಫ್ಲಾಟಿನಲ್ಲಿರುವ ನಾವು ಸೋಮಾರಿತನದಿಂದ ಬಿಡುತ್ತೇವೆ.

ಪಟ್ಟಿಗೆ ಹೆಸರು ಬಂದ ಹದಿನೈದು ದಿನದೊಳಗೆ ಕಾರ್ಡು ತಲುಪಿಸಬೇಕು ಎಂದು ಆಯೋಗ 2025ರ ಜೂನ್‌ನಲ್ಲಿ ಹೊಸ ಕ್ರಮ ಮಾಡಿದೆ. ಅಷ್ಟೂ ಕಾಯಲಾಗದವರಿಗೆ 2021ರ ಜನವರಿ 25ರಿಂದ ಇ–ಕಾರ್ಡು ಇದೆ, ಮೊಬೈಲಿಗೆ ಇಳಿಸಿಕೊಳ್ಳಬಹುದು. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ. ಚುನಾವಣಾ ಆಯೋಗ ಶುರುವಾದ ವರ್ಷವೇ ಆ ನಂಬರು, ಮರೆಯುವ ಹಾಗಿಲ್ಲ. ಒಂದು ಎಚ್ಚರಿಕೆ: ಚುನಾವಣೆ ಘೋಷಣೆಯಾದ ಮೇಲೆ ಎಚ್ಚೆತ್ತುಕೊಂಡರೆ ಸಮಯ ಬಹಳ ಕಡಿಮೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಇನ್ನು ಯಾರು ಎಲ್ಲಿ ಇರಬೇಕು ಎನ್ನುವುದು. ಎಲ್ಲರಿಗೂ ಒಂದೇ ಉತ್ತರವಿಲ್ಲ, ನಮ್ಮ ಮನೆಯೊಳಗೇ ಮೂರು ಉತ್ತರ ಇತ್ತು.

ಮಗಳು ವಿಶಾಖಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳಿಗೆ ಹದಿನೆಂಟು ತುಂಬಿದ್ದು 2023ರ ಆಗಸ್ಟ್‌ನಲ್ಲಿ. ಮೊದಲಾಗಿದ್ದರೆ ಮುಂದಿನ ಜನವರಿ 1ರವರೆಗೆ ಕಾಯಬೇಕಿತ್ತು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಕು. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಆಯ್ಕೆ ಇದೆ, ಅಪ್ಪ ಅಮ್ಮನ ಮನೆಯ ವಿಳಾಸವೂ ಆಗಬಹುದು, ಕಾಲೇಜಿನಿಂದ ಪ್ರಮಾಣಪತ್ರ ತಂದರೆ ಹಾಸ್ಟೆಲಿನದೂ ಆಗಬಹುದು. “ನಾನು ದಿನಾ ಬಸ್ಸಿಗೆ ಕಾಯೋದು ಮದ್ದಿಲಪಾಲೆಮ್‌ನಲ್ಲಿ ಅಪ್ಪಾ, ಪಟಮಟದಲ್ಲಿ ಅಲ್ಲ” ಎಂದು ಅವಳು ಹಾಸ್ಟೆಲಿನದೇ ಕೊಟ್ಟಳು. ಅಪ್ಪನಿಗೆ ಒಂಬತ್ತು ವರ್ಷ ಹಿಡಿದ ತೀರ್ಮಾನಕ್ಕೆ ಮಗಳಿಗೆ ಒಂಬತ್ತು ನಿಮಿಷವೂ ಬೇಕಾಗಲಿಲ್ಲ.

ವಿಶಾಖಪಟ್ಟಣದಲ್ಲಿ ನಮ್ಮವರು ಬಹಳ ಜನ ನೌಕಾಪಡೆಯಲ್ಲಿದ್ದಾರೆ. ಕಾರವಾರದಿಂದ ಇಲ್ಲಿಗೆ, ಇಲ್ಲಿಂದ ಕಾರವಾರಕ್ಕೆ ವರ್ಗವಾಗುತ್ತಲೇ ಇರುವವರು. ಅವರು ಸೇವಾ ಮತದಾರರಾಗಿ ಸ್ವಂತ ಊರಿನ ಪಟ್ಟಿಯಲ್ಲೇ ಇರಬಹುದು, ಮತಪತ್ರ ವಿದ್ಯುನ್ಮಾನವಾಗಿ ಅವರಿಗೆ ಬರುತ್ತದೆ, ತುಂಬಿ ಅಂಚೆಯಲ್ಲಿ ಕಳಿಸಿದರಾಯಿತು. ಜೊತೆಯಲ್ಲಿ ವಾಸಿಸುವ ಸಂಗಾತಿಗೂ ಈ ಸೌಲಭ್ಯವುಂಟು. ಶಾಂತಿ ಪ್ರದೇಶದಲ್ಲಿ ಸಂಸಾರ ಸಮೇತ ಇದ್ದರೆ ಇರುವ ಊರಿನಲ್ಲೇ ಸಾಮಾನ್ಯ ಮತದಾರರಾಗಲೂ ಬಹುದು. ಎರಡರಲ್ಲಿ ಒಂದು.

ಹೊರದೇಶದಲ್ಲಿ ಕೂತು ಈ ಪತ್ರಿಕೆ ಓದುತ್ತಿರುವವರಿಗೆ: ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು 2011ರಿಂದ ಫಾರಂ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸಕ್ಕೆ ಹೆಸರು ಸೇರಿಸಬಹುದು. ಆದರೆ ನಿಮಗೆ ಈ ಕಾರ್ಡು ಬರುವುದಿಲ್ಲ, ಪಾಸ್‌ಪೋರ್ಟೇ ನಿಮ್ಮ ಕಾರ್ಡು. ಮತ ಹಾಕಲು ವಿಮಾನ ಹತ್ತಿ ಮತಗಟ್ಟೆಗೇ ಬರಬೇಕು. ಬೇರೆ ದೇಶದ ಪೌರತ್ವ ಪಡೆದವರಿಗೆ, ಓ.ಸಿ.ಐ. ಇದ್ದರೂ, ಮತವಿಲ್ಲ.

ಇದ್ದ ಊರಿನಿಂದಲೇ ಹುಟ್ಟೂರಿಗೆ ಮತ ಹಾಕುವ ಹಾಗಿದ್ದರೆ? ಆ ಆಸೆಯನ್ನೂ ಒಮ್ಮೆ ತೋರಿಸಿದ್ದರು. 2022ರ ಡಿಸೆಂಬರ್ 29ರಂದು ಆಯೋಗ ದೂರ ಮತದಾನದ ಯಂತ್ರವೊಂದರ ಪ್ರಸ್ತಾಪ ಮಾಡಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಹಾಕಿಸಬಲ್ಲ ಯಂತ್ರ, ವಲಸೆ ಹೋದವರಿಗಾಗಿಯೇ. ಮುಂದಿನ ಜನವರಿಯಲ್ಲಿ ಪಕ್ಷಗಳ ಮುಂದೆ ಪ್ರದರ್ಶನವಿಟ್ಟರು, ವಿರೋಧ ಬಂತು, ವಲಸಿಗ ಎಂದರೆ ಯಾರು ಎನ್ನುವ ಪ್ರಶ್ನೆಯೇ ಬಗೆಹರಿಯಲಿಲ್ಲ. 2024ರ ಚುನಾವಣೆ ಅದಿಲ್ಲದೆಯೇ ನಡೆಯಿತು.

ಇತ್ತ ಪಟ್ಟಿಯನ್ನು ಜಾಲಿಸುವುದೂ ಜೋರಾಗಿದೆ. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯಲ್ಲಿ ಆಗಸ್ಟ್ 1ಕ್ಕೆ ಬಂದ ಕರಡಿನಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ತೀರಿಕೊಂಡವರು, ಎರಡು ಕಡೆ ಇದ್ದವರ ಜೊತೆಗೆ ವಲಸೆ ಹೋಗಿ ಮನೆಯಲ್ಲಿ ಸಿಗದವರೂ ಅದರಲ್ಲಿದ್ದರು. ಬಿಟ್ಟ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನವೆಂಬರ್‌ನಲ್ಲಿ ಕೇರಳವೂ ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಅದೇ ಕೆಲಸ ಆರಂಭವಾಗಿ, ಕಾಸರಗೋಡಿನ ನಮ್ಮವರ ಮನೆಗಳಿಗೂ ಆ ನಮೂನೆ ಹೋಯಿತು. ಮನೆಗೆ ಬಂದು ಕೇಳಿದಾಗ ‘ಇಲ್ಲಿಲ್ಲ’ ಎನ್ನುವ ಉತ್ತರ ಸಿಕ್ಕರೆ ಏನಾಗುತ್ತದೆ ಎನ್ನುವುದು ನನಗೆ 2014ರಲ್ಲೇ ಗೊತ್ತಾಗಿತ್ತು. ಊರಿನಲ್ಲಿ ಹೆಸರಿದೆ ಎಂದು ನಂಬಿ ಕೂತಿರುವವರು ಇವತ್ತೇ ಒಮ್ಮೆ ಹುಡುಕಿ ನೋಡಿ.

ಮೂರನೆಯ ಉತ್ತರ ಅಮ್ಮನದು. ಅಪ್ಪ ಹೋದ ಮೇಲೆ ಅವರು ನಮ್ಮ ಜೊತೆ ವಿಜಯವಾಡಕ್ಕೆ ಬಂದರು. ಹೆಸರು ಇಲ್ಲಿಗೆ ವರ್ಗ ಮಾಡಿಸೋಣ ಎಂದರೆ ಒಪ್ಪಲೇ ಇಲ್ಲ. “ಅವರ ಹೆಸರಂತೂ ಹೊಡೆದುಹಾಕಿದಾರೆ. ನನ್ನದೂ ಹೋದರೆ ಆ ಮನೆ ನಂಬರಿನಲ್ಲಿ ಯಾರೂ ಇಲ್ಲದ ಹಾಗಾಗುತ್ತೆ” ಅಂದರು. ಪಟ್ಟಿಯಲ್ಲಿ ಆ ಮನೆ ನಂಬರಿನ ಎದುರು ಒಂದು ಕಾಲಕ್ಕೆ ಐದು ಹೆಸರಿದ್ದವು. ಇದಕ್ಕೆ ಕಲಮು ಹೇಳಿ ವಾದ ಮಾಡುವುದು ಹೇಗೆ? ಒಂದು ವರ್ಷ ನಾನು ಆ ಮಾತೇ ಎತ್ತಲಿಲ್ಲ.

2023ರ ಮೇ 10ರಂದು ಕರ್ನಾಟಕದ ವಿಧಾನಸಭಾ ಚುನಾವಣೆಗೆ ಊರಿಗೆ ಕರೆದುಕೊಂಡು ಹೋದೆ. ಎಪ್ಪತ್ತೆಂಟು ವಯಸ್ಸು, ಮಂಡಿ ನೋವು, ರೈಲಿನಲ್ಲಿ ರಾತ್ರಿಯೆಲ್ಲ ನಿದ್ದೆಯಿಲ್ಲ. ಮತ ಹಾಕಿ ಬಂದು ಜಗಲಿಯ ಮೇಲೆ ಕೂತವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, “ನಿಂತವರು ಯಾರು ಅಂತಾನೇ ಗೊತ್ತಾಗಲಿಲ್ಲ ಕಣೋ. ಚಿಹ್ನೆ ನೋಡಿ ಒತ್ತಿ ಬಂದೆ.” ವಿಜಯವಾಡದಲ್ಲಿ ಆದರೆ ನಮ್ಮ ಬೀದಿಯ ಚರಂಡಿಗೆ ಯಾರು ಬಂದರು, ಯಾರು ಬರಲಿಲ್ಲ ಎನ್ನುವುದು ತರಕಾರಿಯವಳಿಂದ ತಿಳಿದು ನಮಗೇ ವರದಿ ಒಪ್ಪಿಸುತ್ತಿದ್ದವರು ಅವರು.

ವಾಪಸು ಬಂದ ಮೇಲೆ ತಾವಾಗಿಯೇ ಕೇಳಿದರು, ಇಲ್ಲಿ ಬರೆಸಿದರೆ ಹೆಸರು ಹೇಗೆ ಬರುತ್ತೆ ಎಂದು. ನನ್ನ ಕಾರ್ಡು ತಂದು ತೋರಿಸಿದೆ. ಊರಿನಲ್ಲಿ ನಮ್ಮ ಕಾರ್ಡಿನಲ್ಲಿ ಎಚ್ ಎನ್ನುವ ಒಂದಕ್ಷರವಾಗಿ ಮಾತ್ರ ಇದ್ದ ಹಾರನಹಳ್ಳಿ ಇಲ್ಲಿ ಇಂಟಿ ಪೇರಾಗಿ, ಹೆಸರಿಗೂ ಮುಂದೆ, ಪೂರ್ತಿಯಾಗಿ ನಿಂತಿದೆ. ಅಮ್ಮ ತೆಲುಗು ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದರು. “ಊರಿನ ಹೆಸರೇ ಇದೆಯಲ್ಲೋ” ಅಂದರು. ಫಾರಂ 8ಕ್ಕೆ ಸಹಿ ಹಾಕಿಸಿಕೊಂಡೆ.

2024ರಲ್ಲಿ ಕರ್ನಾಟಕದಲ್ಲಿ ಮತದಾನ ಏಪ್ರಿಲ್ 26 ಮತ್ತು ಮೇ 7ಕ್ಕೆ, ಆಂಧ್ರದಲ್ಲಿ ಮೇ 13ಕ್ಕೆ. ದಿನ ಬೇರೆ ಬೇರೆ ಇದ್ದದ್ದರಿಂದ ‘ಎರಡೂ ಕಡೆ ಹಾಕಿಬಿಡಿ’ ಎಂದು ತಮಾಷೆ ಮಾಡಿದವರೂ ಇದ್ದರು. ಹಾಗೆ ಮಾಡುವವರನ್ನು ತಡೆಯಲಿಕ್ಕೇ ಬೆರಳಿಗೆ ಮಸಿ ಇರುವುದು. ಆ ಮಸಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಆರಂಭಿಸಿದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರಿರುವ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ.

ಬಿಸಿಲೇರುವ ಮುಂಚೆ ಹೋಗೋಣ ಎಂದು ಅಮ್ಮನನ್ನು ಏಳಕ್ಕೇ ಹೊರಡಿಸಿದೆ. ಸಾಲಿನಲ್ಲಿ ನಿಂತಾಗ ಮಸಿಯ ವಿಷಯ ಹೇಳಿದ್ದೆ. ಮತಗಟ್ಟೆಯ ಹುಡುಗಿ ಬೆರಳು ಹಿಡಿದು ಗೆರೆ ಎಳೆಯುವಾಗ ಅಮ್ಮ ಅವಳಿಗೆ ಕನ್ನಡದಲ್ಲೇ, “ಇದು ನಮ್ಮ ಮೈಸೂರಿಂದು ಕಣಮ್ಮ” ಅಂದರು. ಅವಳಿಗೆ ಎಷ್ಟು ಅರ್ಥವಾಯಿತೋ, “ಅವುನಾಂಡಿ?” ಎಂದು ನಕ್ಕಳು.

ಹೋಟೆಲ್ ಹುಡುಗನಿಗೆ ಮುಂದಿನ ಭಾನುವಾರ ಉತ್ತರ ಹೇಳಿದೆ. ಹೆಂಡತಿ, ಮಗು, ಅಪ್ಪ, ಅಮ್ಮ ಎಲ್ಲ ಬೈಂದೂರಿನಲ್ಲಿ. ಮಳೆಗಾಲಕ್ಕೆ ನಾಟಿಗೆಂದು ಹೋಗುತ್ತಾನೆ, ಇನ್ನೆರಡು ವರ್ಷಕ್ಕೆ ಊರಲ್ಲೇ ಏನಾದರೂ ಮಾಡುವ ಯೋಚನೆ. “ಹಾಗಾದರೆ ನಿನ್ನ ವೋಟು ಅಲ್ಲೇ ಇರಲಿ, ಕಾನೂನೂ ಅದನ್ನೇ ಹೇಳುತ್ತೆ. ಆದರೆ ಆ ದಿನ ಅಲ್ಲಿರಬೇಕು” ಅಂದೆ. ಮತದಾನದ ದಿನ ಸಂಬಳ ಕಡಿತವಿಲ್ಲದೆ ರಜೆ ಕೊಡಬೇಕೆಂದು ಕಾನೂನಿದೆ. ಒಂದು ದಿನದ ರಜೆ ಅವನಿಗೆ ಸಾಲದು. ಬೆಂಗಳೂರಿಗೆ ಒಂದು ರಾತ್ರಿ, ಅಲ್ಲಿಂದ ಬೈಂದೂರಿಗೆ ಇನ್ನೊಂದು ರಾತ್ರಿ. ಇದನ್ನು ಗಲ್ಲೆಯಲ್ಲಿದ್ದ ಧಣಿಗಳಿಗೂ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ರೂಮಿನ ಓನರಿಗೆ ಬೇಕಿದ್ದದ್ದು ಬರೀ ಗುರುತು, ಅದಕ್ಕೆ ಅವನ ಆಧಾರೇ ಸಾಕಾಯಿತು. ಐನೂರು ರೂಪಾಯಿ ಉಳಿಯಿತು.

“ಸಂಸಾರ ಇಲ್ಲಿಗೇ ಕರ್ಕೊಂಡ್ ಬಂದ್ರೆ?” ಎಂದು ಕೇಳಿದ.

“ಆವತ್ತು ಬಾ, ಫಾರಂ 8 ನಾನೇ ತುಂಬಿಕೊಡ್ತೀನಿ” ಅಂದೆ.